ಕೊಡಗು–ಬೈಲಕುಪ್ಪೆ ಗುಂಪು ಪ್ರವಾಸ: ಸೇವಾ ಲೋಪದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗುಂಪು ಪ್ರವಾಸ ವಿಭಾಗ,
ಬೆಂಗಳೂರು ಕಚೇರಿ.

ವಿಷಯ: ಹೇಳಿದ ಜಲಪಾತ, ಬೌದ್ಧ ದೇಗುಲ ಮತ್ತು ಸ್ಥಳೀಯ ಊಟವನ್ನು ಸರಿಯಾಗಿ ಒದಗಿಸದ ಬಗ್ಗೆ, ಹಣ ವಾಪಸಾತಿ ಕೋರಿ.

ಮಾನ್ಯರೇ,

ಅಕ್ಟೋಬರ್ ಎರಡನೇ ವಾರದ ಶನಿವಾರ, ಭಾನುವಾರ ನಮ್ಮ ಬಡಾವಣೆಯ 32 ಜನ ನಿಮ್ಮ ಸಂಸ್ಥೆಯ ಮೂಲಕ ಬೈಲಕುಪ್ಪೆ ಮತ್ತು ಕೊಡಗಿಗೆ ಹೋಗಿ ಬಂದೆವು. ತಲೆಗೆ 6,800 ರೂಪಾಯಿಯಂತೆ ಪೂರ್ತಿ ಹಣ ಮೊದಲೇ ಕಟ್ಟಿದ್ದೆವು. ಗುಂಪನ್ನು ಸೇರಿಸಿದ್ದು ನಾನು. ಆದ್ದರಿಂದ ಎಲ್ಲರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಕಳಿಸುವ ಮುಂಚೆ ಪ್ರತಿಯೊಂದು ಮನೆಯವರೂ ಓದಿ ಒಪ್ಪಿದ್ದಾರೆ.

ಬಸ್ಸು ತಡವಾದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಗಿನ ಐದೂವರೆಗೆ ಬರಬೇಕಿದ್ದದ್ದು ಏಳೂ ಮುಕ್ಕಾಲಿಗೆ ಬಂತು. ಬೆಂಗಳೂರಿನಲ್ಲಿ ಹಾಗಾಗುವುದುಂಟು. ಆದರೆ ಹೋದ ಆ ಹೊತ್ತನ್ನು ನೀವು ಯಾವುದರಲ್ಲಿ ಕಡಿತ ಮಾಡಿದಿರಿ ಅನ್ನುವುದೇ ನಮ್ಮ ದೂರು. ತಿಂಡಿಗೆ ನಿಲ್ಲಿಸಿದ ಹೆದ್ದಾರಿ ಹೋಟೆಲಿನಲ್ಲಿ ಕಡಿತ ಆಗಲಿಲ್ಲ. ಕುಶಾಲನಗರ ದಾಟಿ ಸಿಕ್ಕ ಚಾಕೊಲೇಟ್, ಮಸಾಲೆ ಅಂಗಡಿಯಲ್ಲೂ ಆಗಲಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲೇ ಇಲ್ಲದ ಆ ಅಂಗಡಿಯಲ್ಲಿ ಒಂದು ಗಂಟೆಗೂ ಮೇಲೆ ನಮ್ಮನ್ನು ಕೂರಿಸಿದಿರಿ. ಅಂಗಡಿಯವರು ಬಸ್ಸಿನ ನಂಬರ್ ಬರೆದುಕೊಂಡರು. ನಿಮ್ಮ ಗೈಡ್ ಕೊನೆಯ ಬಿಲ್ ಆಗುವವರೆಗೂ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ನಿಂತಿದ್ದರು. ಕಡಿತ ಆಗಿದ್ದು ದೇಗುಲ, ಜಲಪಾತ ಮತ್ತು ಊಟ. ನಾವು ದುಡ್ಡು ಕೊಟ್ಟಿದ್ದು ಈ ಮೂರಕ್ಕೇ ಅಲ್ವಾ?

ಮೊದಲು ಬೈಲಕುಪ್ಪೆಯ ವಿಷಯ. ಅಲ್ಲಿನ ಟಿಬೆಟಿಯನ್ ಬೌದ್ಧರ ನಮ್ಡ್ರೋಲಿಂಗ್ ಮಠಕ್ಕೆ ಎರಡು ಗಂಟೆ, ಜೊತೆಗೆ ವಿಷಯ ಬಲ್ಲ ಕನ್ನಡ ಗೈಡ್ ಅಂತ ನಿಮ್ಮ ಪಟ್ಟಿಯಲ್ಲಿತ್ತು. ಗೈಡಿಗೆಂದೇ ತಲೆಗೆ 300 ರೂಪಾಯಿ ಹಾಕಿದ್ದಿರಿ. ಅಲ್ಲಿ ನಮಗೆ ಸಿಕ್ಕಿದ್ದು ಅರ್ಧ ಗಂಟೆ. ಅದರಲ್ಲೂ ಹತ್ತು ನಿಮಿಷ ಚಪ್ಪಲಿ ಬಿಡುವುದು, ಶೌಚಾಲಯ ಹುಡುಕುವುದರಲ್ಲಿ ಹೋಯಿತು. ಗೈಡ್ ಬಾಗಿಲ ಹತ್ತಿರ ನಿಂತು, "ಇದನ್ನ ದಲೈ ಲಾಮಾ ಕಟ್ಟಿಸಿದ್ದು, ಒಳಗಿರೋ ಮೂರೂ ಬುದ್ಧನೇ, ಬೇಗ ಫೋಟೋ ತಗೊಂಡು ಬನ್ನಿ" ಅಂದರು.

ಇದು ತಪ್ಪು ಮಾಹಿತಿ. ಈ ಮಠವನ್ನು 1963ರಲ್ಲಿ ಶುರು ಮಾಡಿದವರು ಪೆನೋರ್ ರಿನ್‌ಪೋಚೆ. ಟಿಬೆಟ್‌ನ ಪಲ್ಯೂಲ್ ಮಠದಿಂದ ತಪ್ಪಿಸಿಕೊಂಡು ಬಂದವರು ಅವರು. ಮೊದಲು ಇದ್ದದ್ದು ಬಿದಿರಿನ ಒಂದು ಸಣ್ಣ ಗುಡಿ. ಈಗ ಎಲ್ಲರೂ ಗೋಲ್ಡನ್ ಟೆಂಪಲ್ ಅನ್ನುವ ದೊಡ್ಡ ದೇಗುಲವನ್ನು ದಲೈ ಲಾಮಾ 1999ರಲ್ಲಿ ಉದ್ಘಾಟಿಸಿದರು, ಕಟ್ಟಿಸಿದವರು ಅವರಲ್ಲ. ಒಳಗಿರುವ ಮೂರು ಮೂರ್ತಿಗಳಲ್ಲಿ ನಡುವಿನದು ಶಾಕ್ಯಮುನಿ ಬುದ್ಧ, 60 ಅಡಿ ಎತ್ತರ. ಅಕ್ಕಪಕ್ಕದಲ್ಲಿ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯುಸ್. ಪದ್ಮಸಂಭವ ಎಂಟನೇ ಶತಮಾನದಲ್ಲಿ ಟಿಬೆಟ್‌ನಲ್ಲಿ ಬೌದ್ಧ ಧರ್ಮ ಬೇರೂರುವಂತೆ ಮಾಡಿದ ಗುರು. ಅಮಿತಾಯುಸ್ ದೀರ್ಘಾಯುಸ್ಸಿನ ಬುದ್ಧ. ಇಷ್ಟನ್ನು ಹೇಳಲು ಐದು ನಿಮಿಷ ಸಾಕು. ನಮ್ಮ ಜೊತೆ ಬಂದಿದ್ದ ಮಕ್ಕಳು ಇದನ್ನೇ ಕೇಳಿದರು. ಉತ್ತರ ಹೇಳುವವರು ಇರಲಿಲ್ಲ.

ಬೈಲಕುಪ್ಪೆಗೆ ಟಿಬೆಟಿಯನ್ನರು ಯಾಕೆ ಬಂದರು, ಹೇಗೆ ಬಂದರು ಅನ್ನುವುದು ನಮ್ಮ ರಾಜ್ಯದ ಚರಿತ್ರೆಯೂ ಹೌದು. 1959ರಲ್ಲಿ ದೇಶ ಬಿಟ್ಟು ಬಂದವರಿಗೆ ಆಗಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ನಿಜಲಿಂಗಪ್ಪನವರು ಆಗ ತೋರಿಸಿದ ಕಾಳಜಿಯನ್ನು ಟಿಬೆಟಿಯನ್ನರು ಇವತ್ತಿಗೂ ನೆನೆಯುತ್ತಾರೆ. ಕಾಡು ಕಡಿದು, ಆನೆ ಓಡಿಸಿ, ಜೋಳ ಬೆಳೆದು ಬದುಕು ಕಟ್ಟಿಕೊಂಡ ಜನ ಅವರು. ಇದನ್ನೆಲ್ಲ ಕೇಳಿಸಿಕೊಳ್ಳಬೇಕು ಅಂತಲೇ ನಮ್ಮಲ್ಲಿ ಹಲವರು ಬಂದಿದ್ದರು. ಬರೀ ಬಂಗಾರದ ಬಣ್ಣದ ಮೂರ್ತಿ ನೋಡಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ಇನ್ನೂ ಬೇಸರದ ಮಾತೊಂದಿದೆ. ನಾವು ಒಳಗೆ ಹೋದಾಗ ಪ್ರಾರ್ಥನೆ ನಡೆಯುತ್ತಿತ್ತು. ಸಾಲಾಗಿ ಕೂತ ಭಿಕ್ಷುಗಳ ಎದುರಲ್ಲೇ ನಿಮ್ಮ ಗೈಡ್ ಜೋರಾಗಿ ಹೆಸರು ಕೂಗಿ ನಮ್ಮನ್ನು ಕರೆದರು. ನಮಗೆ ನಾಚಿಕೆಯಾಯಿತು. ಹೊರಗೆ ಒಬ್ಬ ಯುವ ಭಿಕ್ಷು ತಾವಾಗಿ ಬಂದು, ಪ್ರಾರ್ಥನಾ ಚಕ್ರವನ್ನು ಬಲಕ್ಕೆ ತಿರುಗಿಸಬೇಕು, ದೇಗುಲವನ್ನೂ ಹಾಗೇ ಬಲಕ್ಕೆ ಸುತ್ತಬೇಕು ಅಂತ ಮಕ್ಕಳಿಗೆ ಚೆನ್ನಾದ ಕನ್ನಡದಲ್ಲಿ ಹೇಳಿಕೊಡುತ್ತಿದ್ದರು. ಆ ಹೊತ್ತಿಗೆ ಬಸ್ಸಿನ ಹಾರ್ನ್ ಶುರುವಾಯಿತು. ಅವರ ಮಾತು ಅರ್ಧಕ್ಕೇ ನಿಂತಿತು. ಬೈಲಕುಪ್ಪೆಯದೇ ಇನ್ನೊಂದು ಟಿಬೆಟಿಯನ್ ಮಠವಾದ ಸೆರಾ ಕೂಡ ಪಟ್ಟಿಯಲ್ಲಿತ್ತು. ಅದರ ಹೆಸರನ್ನೇ ಯಾರೂ ಎತ್ತಲಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ಮೊದಲ ದಿನ ಮಧ್ಯಾಹ್ನ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನಲ್ಲಿ ಥುಕ್ಪಾ (ನೂಡಲ್ಸ್ ಸೂಪ್), ಮೊಮೊ, ತಿಂಗ್ಮೊ (ಆವಿಯಲ್ಲಿ ಬೇಯಿಸಿದ ಬನ್ನು), ಸಸ್ಯಾಹಾರಿಗಳಿಗೆ ಬೇರೆ ಅಡುಗೆ. ಎರಡನೇ ದಿನ ಕೊಡವ ಊಟ: ಕಡಂಬುಟ್ಟು (ಅಕ್ಕಿ ಕಡುಬು), ನೂಪುಟ್ಟು (ಅಕ್ಕಿ ಶಾವಿಗೆ), ಪಂದಿ ಕರಿ (ಹಂದಿ ಮಾಂಸದ ಸಾರು), ಅಣಬೆ ಕರಿ, ಬೈಂಬಳೆ (ಕಳಲೆ ಪಲ್ಯ). ಇದೆಲ್ಲ ನೀವೇ ಪಟ್ಟಿಯಲ್ಲಿ ಬರೆದದ್ದು. ಇದಕ್ಕೆ ತಲೆಗೆ 350 ಮತ್ತು 600 ರೂಪಾಯಿ ಹಾಕಿದ್ದಿರಿ. ಎರಡೂ ದಿನ ನಮಗೆ ಸಿಕ್ಕಿದ್ದು ಹೆದ್ದಾರಿ ಹೋಟೆಲಿನ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲಾ, ತಣ್ಣಗಾದ ರೊಟ್ಟಿ. ಕೇಳಿದ್ದಕ್ಕೆ, "ಗುಂಪಿಗೆ ಇದೇ ಅನುಕೂಲ" ಅಂದರು.

ಕಾಚಂಪುಳಿ ಅನ್ನುವ ಕೊಡಗಿನ ಹುಳಿ ಹಾಕಿದ ಪಂದಿ ಕರಿ, ಕಡಂಬುಟ್ಟು ಬೆಂಗಳೂರಿನಲ್ಲೂ ಸಿಗುತ್ತದೆ ಅಂತ ನಿಮ್ಮ ಕಚೇರಿಯವರೊಬ್ಬರು ಫೋನಿನಲ್ಲಿ ಹೇಳಿದರು. ಸಿಗಬಹುದು. ಆದರೆ ಆ ಊರಿನಲ್ಲಿ ಕೂತು, ಅಲ್ಲಿನವರು ಬಡಿಸಿದ್ದನ್ನು ಉಣ್ಣುವುದೇ ಬೇರೆ. ಮನೆಯಲ್ಲಿ ಅಡುಗೆ ಮಾಡಿ ಪ್ರವಾಸಿಗರಿಗೆ ಬಡಿಸುವ ಹೆಣ್ಣುಮಕ್ಕಳು ಕೊಡಗಿನಲ್ಲಿ ಎಷ್ಟೋ ಜನ ಇದ್ದಾರೆ. ಕ್ಯಾಂಪಿನಲ್ಲಿ ಸಣ್ಣ ಸಣ್ಣ ಊಟದ ಅಂಗಡಿ ನಡೆಸುವವರೂ ಇದ್ದಾರೆ. ನಾವು ಕೊಟ್ಟ ದುಡ್ಡು ಅವರ ಕೈಗೆ ಹೋಗಬೇಕಿತ್ತು. ನಮ್ಮ ಗುಂಪಿನವರಿಗೆ ಹೆಚ್ಚು ನೋವಾಗಿದ್ದು ಇದಕ್ಕೇ. ಊಟ ರುಚಿಯಾಗಿರಲಿಲ್ಲ ಅನ್ನುವ ತಕರಾರು ಅದರ ಮುಂದೆ ಸಣ್ಣದು.

ಅಬ್ಬಿ ಜಲಪಾತಕ್ಕೆ ನಮ್ಮನ್ನು ಕರೆದುಕೊಂಡು ಹೋಗಿದ್ದು ಸಂಜೆ, ಗೇಟು ಮುಚ್ಚುವ ಹೊತ್ತಿಗೆ. ಮಡಿಕೇರಿಯಿಂದ ಅಲ್ಲಿಗೆ ಎಂಟು ಕಿಲೋಮೀಟರ್ ಅಷ್ಟೇ. ಅಂಗಡಿಯಲ್ಲಿ ಕಳೆದ ಹೊತ್ತು ಉಳಿದಿದ್ದರೆ ಬೆಳಕಿರುವಾಗಲೇ ಆರಾಮಾಗಿ ತಲುಪುತ್ತಿದ್ದೆವು. ಕಾಫಿ ತೋಟದ ನಡುವಿನ ಮೆಟ್ಟಿಲು ಮಳೆ ಬಂದು ಜಾರುತ್ತಿತ್ತು. "ಹತ್ತೇ ನಿಮಿಷ, ಓಡಿ" ಅಂತ ಗೈಡ್ ಮೇಲಿಂದಲೇ ಕಳಿಸಿದರು, ತಾವು ಕೆಳಗೆ ಬರಲಿಲ್ಲ. ಎಪ್ಪತ್ತು ದಾಟಿದ ನಮ್ಮ ಪಕ್ಕದ ಮನೆಯ ಅಮ್ಮ ಜಾರಿ ಬಿದ್ದು ಕಾಲು ಉಳುಕಿತು. ಬಸ್ಸಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇತ್ತು, ಒಳಗೆ ಏನೂ ಇರಲಿಲ್ಲ. ಒಂದು ಬ್ಯಾಂಡೇಜ್ ಪಟ್ಟಿ ಕೂಡ ಸಿಗಲಿಲ್ಲ. ನಮ್ಮ ಹುಡುಗರೇ ಅವರನ್ನು ಕೈ ಹಿಡಿದು ಮೇಲೆ ತಂದು, ಆಟೋ ಮಾಡಿ ಮಡಿಕೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಿಮ್ಮ ಕಡೆಯಿಂದ ಇವತ್ತಿನವರೆಗೆ ಯಾರೂ ಅವರ ಆರೋಗ್ಯ ವಿಚಾರಿಸಿಲ್ಲ.

ಎರಡನೇ ದಿನ ಮಲ್ಲಳ್ಳಿ ಜಲಪಾತಕ್ಕೆ ಹೋಗಬೇಕಿತ್ತು. ಬೆಳಗ್ಗೆ ಎದ್ದ ಮೇಲೆ, ದೊಡ್ಡ ಬಸ್ಸು ಅಲ್ಲಿಗೆ ಹೋಗುವುದಿಲ್ಲ, ಅದಕ್ಕೆ ರದ್ದು ಅಂದರು. ಬಸ್ಸು ಹೋಗುವುದಿಲ್ಲ ಅನ್ನುವುದು ನಿಮಗೆ ಮೊದಲೇ ಗೊತ್ತಿತ್ತು. ಯಾಕೆಂದರೆ ಸೋಮವಾರಪೇಟೆಯಿಂದ ಜೀಪಿಗೆ ಅಂತ ತಲೆಗೆ 650 ರೂಪಾಯಿ ನಿಮ್ಮ ದರಪಟ್ಟಿಯಲ್ಲೇ ಇದೆ. ಆ ಜೀಪುಗಳನ್ನು ಯಾಕೆ ಗೊತ್ತು ಮಾಡಲಿಲ್ಲ? ಮಲ್ಲಳ್ಳಿಯ ಬದಲು ಮಡಿಕೇರಿಯ ಉದ್ಯಾನ, ರಾಜಾ ಸೀಟ್ ತೋರಿಸಿದಿರಿ. ರಾಜಾ ಸೀಟ್ ಚೆಂದವೇ, ಆದರೆ ಅದು ಜಲಪಾತ ಅಲ್ಲ.

ಮಲ್ಲಳ್ಳಿಯಲ್ಲಿ ಬೀಳುವುದು ಕುಮಾರಧಾರಾ ನದಿ. ಪುಷ್ಪಗಿರಿ ಬೆಟ್ಟದ ತಪ್ಪಲಲ್ಲಿ ಹೀಗೆ ಧುಮುಕಿ, ಕುಕ್ಕೆ ಸುಬ್ರಹ್ಮಣ್ಯವನ್ನು ದಾಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ನಮ್ಮ ಗುಂಪಿನಲ್ಲಿ ಉಪ್ಪಿನಂಗಡಿ ಕಡೆಯ ಹಿರಿಯರೊಬ್ಬರಿದ್ದರು. ಚಿಕ್ಕಂದಿನಿಂದ ಸಂಗಮ ನೋಡಿದವರು. ಅದೇ ನೀರು ಮೇಲಿಂದ ಬೀಳುವುದನ್ನು ನೋಡಬೇಕು ಅಂತ ಮಗನ ಕೈಲಿ ಹೇಳಿಸಿ ಹೆಸರು ಬರೆಸಿದ್ದರು. ಅವರು ಬಂದಿದ್ದು ಅದೊಂದಕ್ಕೇ. ಮಳೆಗಾಲ ಮುಗಿದ ಹೊಸತರಲ್ಲಿ ಜಲಪಾತ ತುಂಬಿರುತ್ತದೆ, ಬೇಸಿಗೆಯಲ್ಲಿ ಹಾಗಿರುವುದಿಲ್ಲ. ಮತ್ತೆ ನೋಡಬೇಕೆಂದರೆ ಮುಂದಿನ ವರ್ಷದವರೆಗೆ ಕಾಯಬೇಕು.

"ಅನಿವಾರ್ಯ ಕಾರಣಗಳಿಂದ ಸ್ಥಳ ಬದಲಾಯಿಸುವ ಹಕ್ಕು ಸಂಸ್ಥೆಗಿದೆ" ಅನ್ನುವ ಷರತ್ತನ್ನು ನಿಮ್ಮವರು ಫೋನಿನಲ್ಲಿ ಓದಿ ಹೇಳಿದರು. ಗುಡ್ಡ ಕುಸಿದರೆ, ರಸ್ತೆ ಮುಚ್ಚಿದರೆ ಅದು ಅನಿವಾರ್ಯ, ನಾವೂ ಒಪ್ಪುತ್ತೇವೆ. ಅಂಗಡಿಯಲ್ಲಿ ಕೂರಿಸುವುದು, ಜೀಪು ಮಾತಾಡದೇ ಇರುವುದು ಯಾವ ಅನಿವಾರ್ಯ?

ನಾವು ಕೇಳುವುದು ಇಷ್ಟು. ಜೀಪು, ಎರಡು ಊಟ ಮತ್ತು ಗೈಡಿಗೆ ನೀವೇ ಹಾಕಿದ ದರ ಸೇರಿಸಿದರೆ ತಲೆಗೆ 1,900 ರೂಪಾಯಿ. 32 ಜನರಿಗೆ 60,800. ಅಬ್ಬಿಯಲ್ಲಿ ಬಿದ್ದವರ ಆಸ್ಪತ್ರೆ ಖರ್ಚು 3,450. ಒಟ್ಟು 64,250 ರೂಪಾಯಿ ವಾಪಸ್ ಕೊಡಬೇಕು. ಹೆದ್ದಾರಿ ಹೋಟೆಲಿನ ಊಟದ ಬೆಲೆ ಕಳೆಯಬೇಕು ಅನ್ನುವುದಾದರೆ ಅದರ ಬಿಲ್ ಕಳಿಸಿ, ಮಾತಾಡೋಣ. ಬಿದ್ದವರ ಮನೆಗೆ ನಿಮ್ಮ ಕಚೇರಿಯಿಂದ ಯಾರಾದರೂ ಒಬ್ಬರು ಫೋನ್ ಮಾಡಿ ಮಾತಾಡಿಸಬೇಕು. ಮಲ್ಲಳ್ಳಿಯ ಫೋಟೋವನ್ನು, ಕೊಡವ ಊಟದ ಪಟ್ಟಿಯನ್ನು ನಿಮ್ಮ ಜಾಹೀರಾತಿನಲ್ಲಿ ಇನ್ನೂ ಹಾಕುತ್ತಿದ್ದೀರಿ. ಕೊಡಲು ಆಗುವುದಾದರೆ ಮಾತ್ರ ಅದನ್ನು ಇಟ್ಟುಕೊಳ್ಳಿ, ಇಲ್ಲದಿದ್ದರೆ ತೆಗೆಯಿರಿ. ಬೈಲಕುಪ್ಪೆಗೆ ಮುಂದೆ ಕಳಿಸುವ ಗೈಡಿಗೆ ಆ ಜಾಗದ ಬಗ್ಗೆ ನಾಲ್ಕು ಸರಿಯಾದ ಮಾತು ಕಲಿಸಿ. ದೇಗುಲದೊಳಗೆ ಹೇಗಿರಬೇಕು ಅನ್ನುವುದನ್ನೂ ಹೇಳಿಕೊಡಿ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇವೆ. ಅಲ್ಲಿಯೂ ಆಗದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ನಾವು ವಾಸವಿರುವ ಊರಿನಲ್ಲೇ ದೂರು ದಾಖಲಿಸಲು ಕಾಯ್ದೆಯಲ್ಲಿ ಅವಕಾಶವಿದೆ. ನಾವು ನಿಮಗೆ ಕೊಟ್ಟ ಹಣ 5 ಲಕ್ಷದ ಒಳಗಿರುವುದರಿಂದ ಅದಕ್ಕೆ ಶುಲ್ಕವೂ ಇಲ್ಲ.

ಇಂತಿ,
ಪ್ರವಾಸ ಗುಂಪಿನ ಸಂಚಾಲಕಿ
(32 ಜನರ ಪರವಾಗಿ)

ಲಗತ್ತು: ಹಣ ಕಟ್ಟಿದ ರಸೀದಿ, ನೀವು ಕೊಟ್ಟ ಕಾರ್ಯಕ್ರಮ ಪಟ್ಟಿ ಮತ್ತು ದರಪಟ್ಟಿ, ಆಸ್ಪತ್ರೆ ಬಿಲ್, ಗುಂಪಿನವರೆಲ್ಲರ ಸಹಿ.