ಗೊಂಬೆ ಕೂರಿಸಿಕೊಟ್ಟ ಅಜ್ಜಿಗೆ

ದಸರಾ ರಜೆಗೆ ಮುಂಚೆ ನಮ್ಮ ಯುಕೆಜಿ ಕ್ಲಾಸಿನಲ್ಲಿ ಗೊಂಬೆ ಕೂರಿಸಲು ಹೊರಟಿದ್ದೆ. ಬೆಂಚು ಜೋಡಿಸಿದ್ದ ಮೆಟ್ಟಿಲು ಒಂದು ಕಡೆ ವಾಲಿತ್ತು. ಅಡ್ಮಿಷನ್ ವಿಚಾರಿಸಲು ಬಂದಿದ್ದ ನೀವು ಚಪ್ಪಲಿ ಬಿಟ್ಟು ಸೀದಾ ಒಳಗೇ ಬಂದಿರಿ. 'ನಾಲ್ಕಲ್ಲಮ್ಮ, ಮೆಟ್ಟಿಲು ಬೆಸ ಇರಬೇಕು' ಅಂತ ಇನ್ನೊಂದು ಸೇರಿಸಿದಿರಿ. (ನಮ್ಮ ಮಕ್ಕಳು ಸಮ-ಬೆಸ ಕಲಿತದ್ದು ಅವತ್ತೇ!) ಪಟ್ಟದ ಗೊಂಬೆ ಮೇಲೆ. ಅರಗಿನ ಬಣ್ಣದ ಚನ್ನಪಟ್ಟಣದ ಗೊಂಬೆಗಳು ಕೆಳಗೆ, ಪುಟ್ಟ ಕೈಗೆ ಸಿಗುವ ಹಾಗೆ. ಆಮೇಲೆ ತೆಂಗಿನ ಚಿಪ್ಪಿಗೆ ಮಣ್ಣು ತುಂಬಿಸಿ, ಮಕ್ಕಳಿಂದಲೇ ರಾಗಿ ಚೆಲ್ಲಿಸಿದಿರಿ. ನಾಲ್ಕನೇ ದಿನ ಒಬ್ಬಳು ಕೂಗಿದಳು: 'ಮಿಸ್, ಚಿಪ್ಪಿಗೆ ಕೂದಲು ಬಂತು!'

ಹೆಸರು ಕೇಳುವಷ್ಟರಲ್ಲಿ ನೀವು ಆಟೋ ಹತ್ತಿದ್ದಿರಿ. ತುಂಬಾ ಥ್ಯಾಂಕ್ಸ್ ಅಜ್ಜಿ. ನಿಮ್ಮ ಪಾಲಿನ ಗೊಂಬೆ ಬಾಗಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದೇವೆ, ಬಂದು ತಗೊಳ್ಳಿ.