ಡ್ಯಾಷ್ ಕ್ಯಾಮ್ ಕಡ್ಡಾಯ ಬೇಡ, ಮೊದಲು ಸರಿಯಾಗಿ ಕೂರಿಸೋಣ

ಮಾನ್ಯ ಸಂಪಾದಕರೇ,

ಎಲ್ಲ ಕಾರುಗಳಿಗೂ ಡ್ಯಾಷ್ ಕ್ಯಾಮ್ (ಮುಂದಿನ ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ) ಕಡ್ಡಾಯ ಮಾಡಬೇಕು ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಕಳಕಳಿ ಅರ್ಥವಾಗುತ್ತದೆ. ಆದರೆ ಕಡ್ಡಾಯ ಎನ್ನುವ ಮಾತಿಗೆ ನನ್ನ ತಕರಾರಿದೆ. ನಾನು ಹಾಸನದ ಬಿ.ಎಂ. ರಸ್ತೆಯಲ್ಲಿ ಕಾರುಗಳ ಎಲೆಕ್ಟ್ರಿಕ್ ಕೆಲಸ ಮಾಡುವವನು. ಟ್ಯಾಕ್ಸಿ, ಲಾರಿಗಳಿಗೆ ವೇಗ ಮಿತಿಯಲ್ಲಿಡುವ ಸ್ಪೀಡ್ ಗವರ್ನರ್ ಕಡ್ಡಾಯವಾದ ಮೇಲೆ ಏನಾಯಿತು ಅಂತ ನಮ್ಮಂಥವರನ್ನು ಕೇಳಿ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸುವ ದಿನ ಕೆಲಸ ಮಾಡುತ್ತಿರುತ್ತದೆ. ಮಾರನೇ ದಿನ ವೈರ್ ಬಿಚ್ಚಿರುತ್ತದೆ. ಡ್ಯಾಷ್ ಕ್ಯಾಮ್‌ಗೂ ಅದೇ ಗತಿ ಬರುವುದು ಬೇಡ.

ಈಗ ಇಷ್ಟಪಟ್ಟು ಹಾಕಿಸಿಕೊಂಡವರ ಕಾರಿನಲ್ಲೇ ಎಷ್ಟೋ ಕ್ಯಾಮೆರಾ ಹೆಸರಿಗೆ ಮಾತ್ರ ಇವೆ. ಈಚೆಗೆ ಒಬ್ಬರು ಮೇಷ್ಟ್ರು ಬಂದರು. ಚನ್ನರಾಯಪಟ್ಟಣದ ಹತ್ತಿರ ಒಂದು ಪಿಕಪ್ ಗಾಡಿ ಓವರ್‌ಟೇಕ್ ಮಾಡುವಾಗ ಇವರ ಕಾರಿನ ಬಲಗಡೆ ಎರಡೂ ಬಾಗಿಲು ಉಜ್ಜಿಕೊಂಡು ನಿಲ್ಲಿಸದೆ ಹೋಗಿದೆ. "ಕ್ಯಾಮೆರಾದಲ್ಲಿ ಇರುತ್ತೆ ಕಣಪ್ಪ, ನಂಬರ್ ತೆಗೆದುಕೊಡು" ಅಂದರು. ಕಾರ್ಡ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದೆ. ಕೊನೆಯ ವಿಡಿಯೊ ಹಿಂದಿನ ದಸರಾ ರಜೆಯದ್ದು. ಅಲ್ಲಿಂದೀಚೆಗೆ ಏನೂ ಇಲ್ಲ. ಕ್ಯಾಮೆರಾದ ದೀಪ ಮಾತ್ರ ದಿನಾ ಉರಿಯುತ್ತಲೇ ಇತ್ತು. ಆ ಕ್ಯಾಮೆರಾಗೆ ಅವರು ಕೊಟ್ಟಿದ್ದು ಒಂಬತ್ತು ಸಾವಿರ. ಕಾರ್ಡ್ ಮಾತ್ರ ಅಂಗಡಿಯವರು ಪುಕ್ಕಟೆ ಹಾಕಿಕೊಟ್ಟಿದ್ದರಂತೆ. ಅಲ್ಲೇ ಇರುವುದು ಎಡವಟ್ಟು.

ಈ ಕ್ಯಾಮೆರಾ ಕೆಲಸ ಮಾಡುವುದು ಸ್ಲೇಟಿನ ಹಾಗೆ. ಜಾಗ ತುಂಬಿದ ಕೂಡಲೇ ಹಳೆಯದನ್ನು ಅಳಿಸಿ ಅದರ ಮೇಲೇ ಬರೆಯುತ್ತದೆ. 1080 ಪಿಕ್ಸೆಲ್ ವಿಡಿಯೊ ಆದರೆ 64 ಜಿಬಿ ಕಾರ್ಡಿನಲ್ಲಿ ಸುಮಾರು 8-9 ಗಂಟೆಯ ಓಡಾಟ ಹಿಡಿಯುತ್ತದೆ. ದಿನಾ ಓಡುವ ಟ್ಯಾಕ್ಸಿಯಲ್ಲಿ ಹೆಚ್ಚುಕಡಿಮೆ ಪ್ರತಿದಿನ ಇಡೀ ಕಾರ್ಡ್ ಅಳಿಸಿ ಬರೆದಾಗುತ್ತದೆ. ಮೊಬೈಲಿಗೆ ಹಾಕುವ ಸಾಮಾನ್ಯ ಕಾರ್ಡ್ ಇದನ್ನು ತಡೆಯುವುದಿಲ್ಲ. ಕೆಲವು ತಿಂಗಳಿಗೆ ಕೈ ಕೊಡುತ್ತದೆ, ಅದೂ ಸದ್ದಿಲ್ಲದೆ. ಇದಕ್ಕೆಂದೇ ಹೈ ಎಂಡ್ಯೂರೆನ್ಸ್ ಅಂತ ಬರೆದಿರುವ ಕಾರ್ಡ್ ಬರುತ್ತದೆ. ಬೆಲೆ ಸ್ವಲ್ಪ ಜಾಸ್ತಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ತೆಗೆದುಕೊಳ್ಳಬೇಡಿ, ಕಾರ್ಡುಗಳಲ್ಲಿ ನಕಲಿ ಬಹಳ. ಕಾರ್ಡನ್ನು ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡುವ ಮೊದಲು ಹಿಂದಿನ ದಿನದ ವಿಡಿಯೊ ಒಂದನ್ನು ತೆರೆದು ನೋಡಿ. ಇದ್ದರೆ ಸರಿ, ಇಲ್ಲದಿದ್ದರೆ ಆಗಲೇ ಗೊತ್ತಾಗುತ್ತದಲ್ವಾ.

ಯಾವ ಕ್ಯಾಮೆರಾ ತಗೊಳ್ಳಲಿ ಅಣ್ಣ ಅಂತ ಬರುವ ಎಲ್ಲರಿಗೂ ನಾನು ಹೇಳುವುದು ಒಂದೇ: ಡಬ್ಬಿಯ ಮೇಲಿನ 4ಕೆ ನೋಡಿ ಮರುಳಾಗಬೇಡಿ. ಕಡಿಮೆ ಬೆಲೆಯ ಕೆಲವು ಕ್ಯಾಮೆರಾಗಳಲ್ಲಿ ಒಳಗಿನ ಸೆನ್ಸರ್ 4ಕೆ ಅಲ್ಲವೇ ಅಲ್ಲ, ಚಿಕ್ಕ ಚಿತ್ರವನ್ನೇ ಹಿಗ್ಗಿಸಿ ಕೊಡುತ್ತವೆ. ಕ್ಯೂಬೊ, 70ಮಾಯ್, ಡಿಡಿಪೈ ಇಂಥ ಕಂಪನಿಗಳ ಮುಂದಿನ ಕ್ಯಾಮೆರಾ ಮಾತ್ರ ಇರುವ ಮಾಡೆಲ್‌ಗಳು 3ರಿಂದ 5 ಸಾವಿರದೊಳಗೆ ಸಿಗುತ್ತವೆ. ಮನೆ ಕಾರಿಗೆ ಅಷ್ಟು ಸಾಕು. ಕೊಳ್ಳುವ ಮೊದಲು ಆ ಮಾಡೆಲ್ ರಾತ್ರಿ ತೆಗೆದ ವಿಡಿಯೊವನ್ನು ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಹಗಲಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ.

ರಾತ್ರಿಯದೇ ಬೇರೆ ಕಥೆ. ಈಗ ಬಹಳಷ್ಟು ಗಾಡಿಗಳಿಗೆ ಹೊಸ ನಮೂನೆಯ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬಂದಿದೆ. ಅದು ಬೆಳಕನ್ನು ವಾಪಸ್ ಹೊಡೆಯುತ್ತದೆ. ನಮ್ಮ ಹೆಡ್‌ಲೈಟ್ ಅದರ ಮೇಲೆ ಬಿದ್ದರೆ ವಿಡಿಯೊದಲ್ಲಿ ನಂಬರ್ ಇರಬೇಕಾದ ಜಾಗ ಬರೀ ಬೆಳ್ಳಗೆ ಕಾಣುತ್ತದೆ. ಹೆಚ್ಚು ಬೆಳಕು, ಕತ್ತಲು ಎರಡನ್ನೂ ಸರಿದೂಗಿಸುವ ಡಬ್ಲ್ಯುಡಿಆರ್ ಅಥವಾ ಎಚ್‌ಡಿಆರ್ ಇರುವ ಕ್ಯಾಮೆರಾದಲ್ಲಿ ಇದು ಸ್ವಲ್ಪ ವಾಸಿ, ಪೂರ್ತಿ ಹೋಗುವುದಿಲ್ಲ. ಹಗಲಲ್ಲೂ ಅಗಲ ಲೆನ್ಸಿನಲ್ಲಿ ಗಾಡಿ ಸಾಕಷ್ಟು ಹತ್ತಿರ ಇದ್ದರೆ ಮಾತ್ರ ನಂಬರ್ ಓದಲು ಬರುವುದು. ಅದಕ್ಕೇ ನನ್ನ ಗಿರಾಕಿಗಳಿಗೆ ಒಂದು ಉಪಾಯ ಹೇಳಿಕೊಡುತ್ತೇನೆ. ಯಾರಾದರೂ ಗುದ್ದಿ ಓಡಿದರೆ ನಂಬರ್ ಕಂಡಷ್ಟನ್ನು ಜೋರಾಗಿ ಬಾಯಲ್ಲಿ ಹೇಳಿ. ಮೈಕ್ ಆನ್ ಇದ್ದರೆ ಅದು ರೆಕಾರ್ಡ್ ಆಗುತ್ತದೆ. ಚಿತ್ರಕ್ಕೆ ಸಿಗದ ನಂಬರ್ ಮಾತಿಗೆ ಸಿಗುತ್ತದೆ. ಮನೆಯವರ ಮಾತೆಲ್ಲ ರೆಕಾರ್ಡ್ ಆಗುತ್ತದೆ ಅಂತ ಮೈಕ್ ಆಫ್ ಮಾಡಿಸುವವರೂ ಇದ್ದಾರೆ, ಅದು ಅವರವರ ಇಷ್ಟ. ಟ್ಯಾಕ್ಸಿಯವರು ಮಾತ್ರ ಒಳಗೆ ಕೂತವರಿಗೆ ತಿಳಿಯುವ ಹಾಗೆ ಒಂದು ಚೀಟಿ ಅಂಟಿಸುವುದು ಮರ್ಯಾದೆ.

ಬಿಸಿಲಿನ ವಿಷಯ. ನಮ್ಮೂರನ್ನು ಬಡವರ ಊಟಿ ಅಂತಾರೆ. ಆದರೂ ಏಪ್ರಿಲ್‌ನಲ್ಲಿ ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಷ್‌ಬೋರ್ಡ್ ಮೇಲೆ ಕೈ ಇಡಲಾಗುವುದಿಲ್ಲ. ಕಲಬುರಗಿ, ರಾಯಚೂರಿನ ಕಡೆ ಕೇಳುವುದೇ ಬೇಡ. ಒಳಗೆ ಲಿಥಿಯಂ ಬ್ಯಾಟರಿ ಇರುವ ಕ್ಯಾಮೆರಾ ಆದರೆ ಆ ಶಾಖಕ್ಕೆ ಬ್ಯಾಟರಿ ಊದಿಕೊಳ್ಳುತ್ತದೆ. ಹಾಗೆ ಊದಿ ಮುಚ್ಚಳ ಬಾಯಿ ಬಿಟ್ಟ ಕ್ಯಾಮೆರಾಗಳು ನನ್ನ ಮೇಜಿನ ಡ್ರಾದಲ್ಲಿವೆ. ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಇರುವುದನ್ನೇ ಕೇಳಿ ಕೊಳ್ಳಿ. ಕರೆಂಟ್ ಹೋದಾಗ ಕೊನೆಯ ಫೈಲನ್ನು ಉಳಿಸಿಕೊಳ್ಳುವಷ್ಟು ಶಕ್ತಿ ಅದರಲ್ಲಿ ಇರುತ್ತದೆ. ಬೇಕಾಗಿರುವುದೂ ಅಷ್ಟೇ.

ಇನ್ನು ಕೂರಿಸುವುದು. ಜಾಗ ಒಳಗಿನ ಕನ್ನಡಿಯ ಹಿಂದೆ, ಸ್ವಲ್ಪ ಎಡಕ್ಕೆ. ಡ್ರೈವರ್ ಕಣ್ಣಿಗೆ ಅಡ್ಡ ಬರಬಾರದು. ವೈಪರ್ ಒರೆಸುವ ಜಾಗದೊಳಗೇ ಲೆನ್ಸ್ ಇರಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಶಿರಾಡಿ ಘಾಟಿಯಲ್ಲಿ ಜುಲೈ ತಿಂಗಳ ಮಳೆಗೆ ಸಿಕ್ಕಿದಾಗ ವೈಪರ್ ಮುಟ್ಟದ ಮೂಲೆಯಲ್ಲಿ ಕ್ಯಾಮೆರಾ ಇದ್ದರೆ ನೀರಿನ ಹನಿ ಬಿಟ್ಟು ಇನ್ನೇನೂ ಬರುವುದಿಲ್ಲ. ಎದುರಿಗೆ ಬುಲೆಟ್ ಟ್ಯಾಂಕರ್ ಬಂದರೂ ಗೊತ್ತಾಗುವುದಿಲ್ಲ. ಗಾಜಿನ ಮೇಲ್ಭಾಗದ ಕಪ್ಪು ಚುಕ್ಕಿಗಳ ಮೇಲೆ ಕ್ಯಾಮೆರಾ ಅಂಟಿಸುವ ಟೇಪ್ ಸರಿಯಾಗಿ ಹಿಡಿಯುವುದಿಲ್ಲ, ಅದರ ಕೆಳಗೆ ಅಂಟಿಸಿ. ಗಾಜನ್ನು ಸ್ಪಿರಿಟ್ ಹಾಕಿ ಒರೆಸಿ, ಒಣಗಿಸಿ, ಟೇಪನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಚಿತ್ರದ ಕೆಳತುದಿಯಲ್ಲಿ ಬಾನೆಟ್ ಒಂದಿಷ್ಟೇ ಕಾಣಬೇಕು. ಆಕಾಶ ಜಾಸ್ತಿ ಬಂದರೆ ರಸ್ತೆ ಕಪ್ಪಾಗುತ್ತದೆ.

ವೈರ್ ಎಳೆಯುವಾಗ ದಯವಿಟ್ಟು ಅವಸರ ಬೇಡ. ಗಾಜಿನ ಮೇಲಂಚಿನಲ್ಲಿ ರೂಫ್ ಲೈನಿಂಗ್ ಒಳಗೆ ಬೆರಳಲ್ಲಿ ತಳ್ಳಿದರೆ ವೈರ್ ಒಳಗೆ ಕೂತುಕೊಳ್ಳುತ್ತದೆ, ಅದು ಸಲೀಸು. ಅಲ್ಲಿಂದ ಕೆಳಗೆ ಇಳಿಸುವುದು ಎ ಪಿಲ್ಲರ್, ಅಂದರೆ ಮುಂದಿನ ಗಾಜಿನ ಬದಿಯ ಕಂಬದ ಪಕ್ಕ. ಈಗ ಸಣ್ಣ ಕಾರುಗಳಲ್ಲೂ 6 ಏರ್‌ಬ್ಯಾಗ್ ಬರುತ್ತಿವೆ. ಅವುಗಳಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವುದು ಇದೇ ಪಿಲ್ಲರಿನಿಂದ ಚಾವಣಿಯ ಅಂಚಿನ ಉದ್ದಕ್ಕೂ. ಪಿಲ್ಲರ್ ಮುಚ್ಚಳದ ಮೇಲೆ ಎಸ್‌ಆರ್‌ಎಸ್ ಏರ್‌ಬ್ಯಾಗ್ ಎಂದು ಬರೆದಿದ್ದರೆ ಎಚ್ಚರ. ವೈರನ್ನು ಏರ್‌ಬ್ಯಾಗ್ ಮುಂದೆ ಅಡ್ಡ ತಂದರೆ, ಅದು ಬಿಚ್ಚಿಕೊಳ್ಳುವ ಹೊತ್ತಿನಲ್ಲಿ ತೊಡಕಾಗುತ್ತದೆ. ಮುಚ್ಚಳ ಬಿಚ್ಚಿ, ಏರ್‌ಬ್ಯಾಗಿನ ಹಿಂದುಗಡೆಯಿಂದ ವೈರ್ ತಂದು, ಮೊದಲೇ ಅಲ್ಲಿರುವ ಕಂಪನಿ ವೈರಿಗೆ ಕ್ಲಿಪ್ ಹಾಕಬೇಕು. ಮುಚ್ಚಳ ಬಿಚ್ಚಲು ಪ್ಲಾಸ್ಟಿಕ್ ಪಟ್ಟಿ ಬಳಸಿ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಕ್ಲಿಪ್ ಮುರಿದು ಆಮೇಲೆ ಪಿಲ್ಲರ್ ಕಟಕಟ ಅನ್ನುತ್ತಿರುತ್ತದೆ. ಇಷ್ಟೆಲ್ಲ ಬರುವುದಿಲ್ಲ ಅಂದರೆ ಬಾಗಿಲಿನ ರಬ್ಬರ್ ಬೀಡಿಂಗ್ ಒಳಗೆ ವೈರ್ ತೂರಿಸಿ ಇಳಿಸಿ. ಅಲ್ಲಿ ಮೇಲೆ ಕೆಳಗೆ ಎರಡೇ ಕಡೆ ಕಾಣುತ್ತದೆ, ಅಪಾಯವೂ ಕಡಿಮೆ. "ಹತ್ತು ನಿಮಿಷದಲ್ಲಿ ಹಾಕಿಕೊಡ್ತೀವಿ ಸಾರ್" ಅನ್ನುವವರ ಹತ್ತಿರ ಏರ್‌ಬ್ಯಾಗ್ ಇರುವ ಕಾರನ್ನು ಬಿಡಬೇಡಿ. ನನ್ನ ಹೊಟ್ಟೆಪಾಡಿಗೆ ಹೇಳುತ್ತಿರುವ ಮಾತಲ್ಲ ಇದು.

ಕರೆಂಟ್ ಎಲ್ಲಿಂದ ಕೊಡುವುದು? ಮುಕ್ಕಾಲು ಜನಕ್ಕೆ 12 ವೋಲ್ಟ್ ಸಾಕೆಟ್ ಸಾಕು. ಕ್ಯಾಮೆರಾ ಜೊತೆ ಬಂದ ಅಡಾಪ್ಟರನ್ನೇ ಹಾಕಿ. ರಸ್ತೆ ಬದಿಯ ಅಗ್ಗದ ಚಾರ್ಜರ್ ಹಾಕಿದರೆ ಹಾಸನ ಆಕಾಶವಾಣಿ ಬರ್ರ್ ಅನ್ನತೊಡಗುತ್ತದೆ. ರೇಡಿಯೊ ಕೆಟ್ಟಿದೆ ಅಂತ ನನ್ನ ಹತ್ತಿರ ಬಂದವರ ಚಾರ್ಜರ್ ಕಿತ್ತು ಕೈಗೆ ಕೊಟ್ಟು ಕಳಿಸಿದ್ದುಂಟು. ಸಾಕೆಟ್ ಬೇರೆಯದಕ್ಕೆ ಬೇಕು ಅನ್ನುವವರಿಗೆ ಫ್ಯೂಸ್ ಬಾಕ್ಸಿನಿಂದ ಕೊಡಬಹುದು. ಅದಕ್ಕೆ ಫ್ಯೂಸಿನ ಜಾಗದಲ್ಲೇ ಸಿಕ್ಕಿಸಿ ಹೊಸ ವೈರಿಗೆ ಕರೆಂಟ್ ತೆಗೆಯುವ ಫ್ಯೂಸ್ ಟ್ಯಾಪ್ ಅಂತ ಬರುತ್ತದೆ. ಕಂಪನಿ ವೈರ್ ಕತ್ತರಿಸಿ ಟೇಪ್ ಸುತ್ತುವುದು ಬೇಡವೇ ಬೇಡ, ವಾರಂಟಿಗೂ ತಕರಾರು ಬರುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ, ಕೀ ತಿರುಗಿಸಿದಾಗ ಹತ್ತಿ ಕೀ ತೆಗೆದಾಗ ಆರುವ ಫ್ಯೂಸನ್ನೇ ಆರಿಸಿಕೊಳ್ಳಬೇಕು. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್), ಇಸಿಎಂ (ಎಂಜಿನ್ ಕಂಪ್ಯೂಟರ್) ಎಂದು ಬರೆದ ಫ್ಯೂಸಿನ ಹತ್ತಿರ ಹೋಗಬಾರದು.

ಪಾರ್ಕಿಂಗ್ ಮೋಡ್ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಕಾರು ನಿಂತಿರುವಾಗಲೂ ಕಾಯುತ್ತಿರುತ್ತದೆ, ಕೇಳಲು ಚೆನ್ನಾಗಿದೆ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್. ಕ್ಯಾಮೆರಾ ಕಾಲು ಆಂಪಿಯರ್ ಎಳೆದರೂ ದಿನಕ್ಕೆ 6 ಆಂಪಿಯರ್ ಅವರ್ ಆಯಿತು. ಮದುವೆಗೆ ಅಂತ ಊರಿಗೆ ಹೋಗಿ ಕಾರನ್ನು ನಾಲ್ಕು ದಿನ ನಿಲ್ಲಿಸಿದರೆ ಆಮೇಲೆ ತಳ್ಳುವುದೇ. ಹಾಕಿಸಲೇಬೇಕು ಅಂದರೆ ವೋಲ್ಟೇಜ್ ಕಡಿಮೆಯಾದಾಗ ತಾನೇ ಆಫ್ ಆಗುವ ಕಿಟ್ ಹಾಕಿಸಿ, ಅದನ್ನು 12.2 ವೋಲ್ಟಿಗಿಂತ ಕೆಳಗೆ ಇಡಬೇಡಿ. 12ಕ್ಕೆ ಇಳಿಯುವ ಹೊತ್ತಿಗೆ ಬ್ಯಾಟರಿ ಕಾಲು ಭಾಗಕ್ಕೆ ಬಂದಿರುತ್ತದೆ. ಮನೆ ಕಾಂಪೌಂಡ್ ಒಳಗೆ ಕಾರು ನಿಲ್ಲಿಸುವವರಿಗೆ ಇದ್ಯಾವುದೂ ಬೇಕಿಲ್ಲ. ಸುಮ್ನೆ ದುಡ್ಡು ದಂಡ.

ಅಂದ ಹಾಗೆ ಸಕಲೇಶಪುರ, ಬೇಲೂರು ಕಡೆಯವರಿಗೆ ಒಂದು ಮಾತು. ರಸ್ತೆಗೆ ಆನೆ ಬಂದಾಗ ವಿಡಿಯೊ ಚೆನ್ನಾಗಿ ಬರಲಿ ಅಂತ ಹತ್ತಿರ ಹೋಗಿ ನಿಲ್ಲುವವರಿದ್ದಾರೆ. ಬೇಡ ಮಾರಾಯ್ರೆ.

ಈಗ ನಾನು ಈ ಪತ್ರ ಬರೆಯಲು ಮುಖ್ಯ ಕಾರಣಕ್ಕೆ ಬರುತ್ತೇನೆ. ಎಲ್ಲ ಸರಿಯಾಗಿ ಕೂರಿಸಿ, ಎಲ್ಲ ರೆಕಾರ್ಡ್ ಆಗಿ, ಅಪಘಾತವೂ ಆಯಿತು ಅಂತಿಟ್ಟುಕೊಳ್ಳಿ. ಆಮೇಲೆ ಏನು ಮಾಡಬೇಕು ಅನ್ನುವುದು ಜನರಿಗೆ ಗೊತ್ತಿಲ್ಲ. ಬಹಳ ಜನ ಮೊದಲು ಮಾಡುವುದು ವಾಟ್ಸ್ಆ್ಯಪ್‌ನಲ್ಲಿ ಹಂಚುವುದು. ಬರೀ ಮುಖ್ಯವಾದ ಹತ್ತು ಸೆಕೆಂಡ್ ಕತ್ತರಿಸಿ, ಮೇಲೆ ಬಾಣದ ಗುರುತು ಹಾಕಿ ಕಳಿಸುತ್ತಾರೆ. ವಾಟ್ಸ್ಆ್ಯಪ್ ವಿಡಿಯೊವನ್ನು ಕುಗ್ಗಿಸಿಬಿಡುತ್ತದೆ, ಓದಲು ಬರುತ್ತಿದ್ದ ನಂಬರ್ ಕೂಡ ಅಳಿಸಿದ ಹಾಗಾಗುತ್ತದೆ. ಇತ್ತ ಕ್ಯಾಮೆರಾ ಓಡುತ್ತಲೇ ಇದ್ದು, ಅಸಲಿ ಫೈಲಿನ ಮೇಲೆ ಹೊಸದು ಬರೆದಿರುತ್ತದೆ. ಗುದ್ದಿದಾಗ ಫೈಲನ್ನು ಅಳಿಸದಂತೆ ಲಾಕ್ ಮಾಡುವ ಸೆನ್ಸರ್ ಇದೆ ನಿಜ. ಉಜ್ಜಿಕೊಂಡು ಹೋದರೆ ಅದಕ್ಕೆ ಗೊತ್ತೇ ಆಗದಿರಬಹುದು.

ಗಿರಾಕಿಯೊಬ್ಬರು ವಕೀಲರು. ಅವರು ನನಗೆ ತಿಳಿಸಿ ಹೇಳಿದ್ದು ಇದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ವಿಡಿಯೊದಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಹಳೆಯ ಕಾಯ್ದೆಯ 65ಬಿ ಇದ್ದ ಜಾಗದಲ್ಲಿ ಈಗ ಸೆಕ್ಷನ್ 63. ವಿಡಿಯೊವನ್ನು ಪೆನ್ ಡ್ರೈವ್‌ಗೋ ಸಿಡಿಗೋ ನಕಲು ಮಾಡಿ ಕೋರ್ಟಿಗೆ ಕೊಡುವುದಾದರೆ ಜೊತೆಗೆ ಒಂದು ಸರ್ಟಿಫಿಕೇಟ್ ಬೇಕು. ಅದರ ನಮೂನೆ ಕಾಯ್ದೆಯ ಕೊನೆಯಲ್ಲೇ ಇದೆ. ಎರಡು ಭಾಗ. ಒಂದಕ್ಕೆ ಕ್ಯಾಮೆರಾ ಯಾರ ಸುಪರ್ದಿಯಲ್ಲಿತ್ತೋ ಅವರ ಸಹಿ, ಇನ್ನೊಂದಕ್ಕೆ ಪರಿಣತರ ಸಹಿ. ಫೈಲಿನ ಹ್ಯಾಶ್ ಸಂಖ್ಯೆಯನ್ನೂ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಫೈಲಿನ ಬೆರಳಚ್ಚಿನಂಥ ಗುರುತನ್ನೂ ಬರೆಯಬೇಕು. ಫೈಲಿನಲ್ಲಿ ಒಂದು ಚೂರು ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ.

ಹಾಗಾಗಿ ಅಪಘಾತ ಆದ ಕೂಡಲೇ ಕಾರ್ಡನ್ನೇ ತೆಗೆದು ಲಕೋಟೆಯಲ್ಲಿಡಿ, ಮೇಲೆ ದಿನ, ಸಮಯ, ಗಾಡಿ ನಂಬರ್ ಬರೆಯಿರಿ. ಕ್ಯಾಮೆರಾಗೆ ಬೇರೆ ಕಾರ್ಡ್ ಹಾಕಿ. ಅಸಲಿ ಇರುವುದು ಆ ಕಾರ್ಡಿನಲ್ಲಿ. ಪೊಲೀಸರು ಕೇಳಿದರೆ ಮಹಜರು ಮಾಡಿ ತೆಗೆದುಕೊಳ್ಳಲಿ, ನೀವು ಸ್ವೀಕೃತಿ ಪಡೆಯಿರಿ. ಕ್ಯಾಮೆರಾದ ಗಡಿಯಾರ ಮೊದಲೇ ಸರಿಯಿರಬೇಕು. ಸರ್ವಿಸ್‌ಗೆ ಬರುವ ಎಷ್ಟೋ ಕ್ಯಾಮೆರಾಗಳಲ್ಲಿ ಇನ್ನೂ ಕಾರ್ಖಾನೆಯ ತಾರೀಕೇ ಓಡುತ್ತಿರುತ್ತದೆ. ವಿಡಿಯೊ ನಂಬಲಾಗದು ಅನ್ನಲು ಎದುರಿನ ವಕೀಲರಿಗೆ ಅಷ್ಟು ಸಾಕು.

ಹೀಗೆಲ್ಲ ಇದೆ ಅಂತ ಕಾರು ಕೊಂಡವರಿಗೆ ಯಾರು ಹೇಳಬೇಕು? ಆ ಪರಿಣತರನ್ನು ಹಳ್ಳಿಯ ಕಾರಿನವನು ಎಲ್ಲಿ ಹುಡುಕಬೇಕು? ಕಡ್ಡಾಯದ ಮಾತಿಗಿಂತ ಮೊದಲು ಸರ್ಕಾರ ಮಾಡಬೇಕಾದ ಕೆಲಸ ಇದು. ಪ್ರತಿ ಪೊಲೀಸ್ ಠಾಣೆಯಲ್ಲಿ ಆ ನಮೂನೆ ಕನ್ನಡದಲ್ಲಿ ಸಿಗಲಿ. ಎರಡನೇ ಭಾಗಕ್ಕೆ ಜಿಲ್ಲೆಯಲ್ಲಿ ಯಾರ ಹತ್ತಿರ ಹೋಗಬೇಕು ಎಂದು ಗೋಡೆಗೆ ಬರೆದು ಹಾಕಲಿ. ಹ್ಯಾಶ್ ತೆಗೆಯಲು ಬರುವ ಒಬ್ಬ ಸಿಬ್ಬಂದಿ ಇರಲಿ, ಅದು ಕಂಪ್ಯೂಟರಿನಲ್ಲಿ ಒಂದೆರಡು ನಿಮಿಷದ ಕೆಲಸ.

ಸಂಪಾದಕರೇ, ಸರ್ಕಾರ ಮಾಡುವವರೆಗೆ ನೀವು ಒಂದು ಉಪಕಾರ ಮಾಡಬಹುದು. ಆ ಸರ್ಟಿಫಿಕೇಟಿನ ಎರಡೂ ಭಾಗವನ್ನು ಕನ್ನಡದಲ್ಲಿ, ಕತ್ತರಿಸಿ ಇಟ್ಟುಕೊಳ್ಳಲು ಬರುವ ಅಳತೆಯಲ್ಲಿ, ಒಂದು ದಿನ ಪತ್ರಿಕೆಯಲ್ಲಿ ಹಾಕಿ. ಅದರ ಜೆರಾಕ್ಸ್ ತೆಗೆಸಿ ನನ್ನ ಅಂಗಡಿಗೆ ಬರುವ ಪ್ರತಿ ಕಾರಿನ ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ಜೊತೆ ಇಡುವ ಕೆಲಸ ನನ್ನದು.

ಇಂತಿ ತಮ್ಮ ಓದುಗ,
ಒಬ್ಬ ಆಟೊ ಎಲೆಕ್ಟ್ರಿಷಿಯನ್, ಹಾಸನ