ಸಾಕುಪ್ರಾಣಿಗಳ ದಫನಕ್ಕೆ ಪಂಚಾಯತು ಜಾಗ ಕೊಡಲಿ

ಮಾನ್ಯ ಸಂಪಾದಕರೇ,

ಕುಂಬಳೆ ಸಮೀಪದ ಅನಂತಪುರ ಸರೋವರ ಕ್ಷೇತ್ರದ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರ ರಾತ್ರಿ ಅಸುನೀಗಿದಾಗ, ಮರುದಿನ ಅಂತಿಮ ದರ್ಶನಕ್ಕೆ ಜನ ನೆರೆದುದನ್ನೂ ಕ್ಷೇತ್ರದ ಪರಿಸರದಲ್ಲೇ ಗೌರವದಿಂದ ಅದನ್ನು ಮಣ್ಣು ಮಾಡಿದುದನ್ನೂ ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಒಂದು ಪ್ರಾಣಿಗಾಗಿ ಊರೇ ಕಣ್ಣೀರು ಹಾಕಿತೆಂದು ಆಗ ಯಾರೂ ನಗಲಿಲ್ಲ. ಆದರೆ ಅದೇ ಊರಿನ ಮನೆಯೊಂದರಲ್ಲಿ ಹತ್ತು ಹನ್ನೆರಡು ವರ್ಷ ಬಾಳಿದ ನಾಯಿ ಸತ್ತರೆ, “ನಾಯಿ ತಾನೇ, ಇನ್ನೊಂದು ಮರಿ ತಂದರಾಯಿತು” ಎಂಬ ಮಾತು ಅಂದೇ ಕೇಳಿಬರುತ್ತದೆ. ಸಮಾಜ ಒಪ್ಪದ ಇಂತಹ ದುಃಖದ ಬಗ್ಗೆ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಷ್ಟು ಹಿಂದೆಯೇ ಬರೆದಿದ್ದಾರೆ. ಬಹಿರಂಗವಾಗಿ ಅಳಲು ಅವಕಾಶವಿಲ್ಲದ ದುಃಖ ಒಳಗೊಳಗೇ ಬೆಳೆಯುತ್ತದೆ. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಈ ಸಂಕಟವನ್ನು ಇನ್ನಷ್ಟು ಹೆಚ್ಚಿಸುವ ಸಂಗತಿಯೊಂದಿದೆ. ಸತ್ತ ಪ್ರಾಣಿಯನ್ನು ಹೂಳಲು ಜಾಗವೇ ಇಲ್ಲ.

ತೋಟವಿದ್ದ ಕಾಲಕ್ಕೆ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ದನವಾಗಲಿ ನಾಯಿಯಾಗಲಿ, ತೆಂಗಿನ ಬುಡದಲ್ಲೋ ಗುಡ್ಡೆಯ ಬದಿಯಲ್ಲೋ ಹೊಂಡ ತೋಡಿ ಮುಚ್ಚುತ್ತಿದ್ದರು. ಈಗ ಕಾಸರಗೋಡು, ಉಪ್ಪಳ, ಕುಂಬಳೆಗಳಲ್ಲಿ ಫ್ಲಾಟುಗಳು ಎದ್ದಿವೆ. ಬದಿಯಡ್ಕದಂತಹ ಪೇಟೆಯ ಸುತ್ತಲೂ ಐದು ಸೆಂಟ್ಸಿನಲ್ಲಿ ಮನೆ, ಬಾವಿ, ಶೌಚಗುಂಡಿ ಎಲ್ಲವೂ ಆಗಬೇಕು. ಉಳಿದ ಅಂಗಳದಲ್ಲಿ ಒಂದಡಿ ಅಗೆದರೆ ಮುರಕಲ್ಲು ಸಿಗುತ್ತದೆ. ಆಟಿ ತಿಂಗಳಲ್ಲಾದರೆ ತೋಡಿದ ಹೊಂಡಕ್ಕೆ ಒರತೆ ನೀರು ತುಂಬುತ್ತದೆ. ನಮ್ಮ ನೆರೆಯ ಬಾಡಿಗೆ ಮನೆಯವರ ನಾಯಿ ಮಳೆಗಾಲದಲ್ಲಿ ಸತ್ತಾಗ ಮನೆ ಮಾಲೀಕರು ಹಿತ್ತಿಲಲ್ಲಿ ಹೂಳಲು ಒಪ್ಪಲಿಲ್ಲ. ಮಗಳ ಹಳೆಯ ಬೈರಾಸಿನಲ್ಲಿ ಸುತ್ತಿ, ಗೋಣಿಗೆ ಹಾಕಿ, ಸ್ಕೂಟರಿನ ಕಾಲಡಿ ಇಟ್ಟುಕೊಂಡು ಅವರು ರಾತ್ರಿ ಹೊರಟರು. ಎಲ್ಲಿಗೆ ಒಯ್ದರೆಂದು ಮಕ್ಕಳಿಗೆ ಇಂದಿಗೂ ಹೇಳಿಲ್ಲ. ಮನೆಯ ಒಂದು ಜೀವವನ್ನು ಕಳ್ಳಮಾಲಿನಂತೆ ಸಾಗಿಸಬೇಕಾಗಿ ಬಂದ ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಅವರು ಬೇರೇನು ತಾನೇ ಮಾಡಬಹುದಿತ್ತು?

ಕೇರಳದಲ್ಲಿ 1998ರ ನಿಯಮಗಳ ಪ್ರಕಾರ ಗ್ರಾಮ ಪಂಚಾಯತಿನ ವ್ಯಾಪ್ತಿಯಲ್ಲಿ ನಾಯಿ ಸಾಕಲು ಲೈಸನ್ಸು ಬೇಕು. ಅದಕ್ಕೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಕೊಡಿಸಿರಬೇಕು. ನಿಯಮ ಸರಿಯಾದುದೇ. ಆದರೆ ಬದುಕಿರುವಾಗ ನಾಯಿಯನ್ನು ತನ್ನ ದಾಖಲೆಯಲ್ಲಿ ಬರೆದುಕೊಳ್ಳುವ ಪಂಚಾಯತು, ಅದು ಸತ್ತ ದಿನ ತನಗೆ ಸಂಬಂಧವಿಲ್ಲವೆಂಬಂತೆ ಇರುವುದು ನ್ಯಾಯವೇ? ಹರಿತ ಕರ್ಮ ಸೇನೆಯ ಸಹೋದರಿಯರು ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ. ಕಳೇಬರ ಅವರ ಕೆಲಸವಲ್ಲ, ಆಗಲೂ ಬಾರದು. ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಇದೆ. ನಾಯಿಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ತೋಡಿನ ಬದಿಗೆ ಎಸೆದ ಗೋಣಿ ಇನ್ನೊಂದು ಮನೆಯ ಮರಿಗೆ ಮೃತ್ಯುವಾದೀತು.

ಶಾಲಾ ಅಧ್ಯಾಪಕನಾಗಿ ಮಕ್ಕಳ ಬಗ್ಗೆ ಹೇಳಲೇಬೇಕು. “ಬೆಕ್ಕು ಮಾವನ ಮನೆಗೆ ಹೋಗಿದೆ” ಎಂಬ ಸಮಾಧಾನದ ಸುಳ್ಳನ್ನು ನಂಬಿದ ಮಗು ವಾರಗಟ್ಟಲೆ ಗೇಟಿನಲ್ಲಿ ಕಾಯುತ್ತದೆ. “ನಮ್ಮ ಮನೆಯವರು” ಎಂಬ ಪ್ರಬಂಧದಲ್ಲಿ ಅಪ್ಪ, ಅಮ್ಮ, ಅಜ್ಜಿಯ ನಂತರ ಬೆಕ್ಕಿನ ಹೆಸರು ಬರೆದು, ಆಮೇಲೆ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯನ್ನೇ ಹರಿದ ಹುಡುಗಿಯೊಬ್ಬಳ ಪುಸ್ತಕವನ್ನು ನಾನು ತಿದ್ದಿದ್ದೇನೆ. ಸತ್ತಿದೆ ಎಂದು ಸ್ಪಷ್ಟವಾಗಿ ಹೇಳಿ, ಇಷ್ಟವಿದ್ದರೆ ಕೊನೆಯ ಸಲ ತಲೆ ಸವರಲು ಬಿಟ್ಟು, ಒಂದು ಹಿಡಿ ಮಣ್ಣು ಹಾಕಿಸಿದರೆ ಮಗು ಅತ್ತು ಹಗುರವಾಗುತ್ತದೆ. ಹಾಗೆ ಮಾಡಿಸಲು ಹೊಂಡವೊಂದು ಎಲ್ಲಾದರೂ ಇರಬೇಕಲ್ಲ! ಮಕ್ಕಳು ಗಲ್ಫಿನಲ್ಲಿರುವ ಮನೆಗಳ ವೃದ್ಧರ ಪಾಡು ಇದಕ್ಕಿಂತ ಕಷ್ಟದ್ದು, ಏಕೆಂದರೆ ಅವರಿಗೆ ಬೆಳಗ್ಗೆ ಏಳಲು, ಅನ್ನ ಕಲಸಲು, ಸಂಜೆ ಗೇಟಿನವರೆಗೆ ನಡೆಯಲು ಇದ್ದ ಕಾರಣವೇ ಆ ನಾಯಿ. ಅಂತಹವರಿಗೆ ಕೂಡಲೇ ಹೊಸ ಮರಿ ತಂದುಕೊಡುವ ಬದಲು ಅಕ್ಕಪಕ್ಕದವರು ಹೋಗಿ ಸ್ವಲ್ಪ ಹೊತ್ತು ಕುಳಿತು ಬರಬಹುದು. ತಿಂಗಳು ಕಳೆದರೂ ಊಟ, ನಿದ್ರೆ ಸರಿಯಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು.

ಪ್ರಾಣಿಯ ಸಾವಿಗೆ ಭೂಮಿ ಬಿಡುವುದು ಇಂದಿನವರ ಶೋಕಿಯೆಂದು ಹೇಳುವವರು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಗಮನಿಸಬೇಕು. ಕ್ರಿ.ಶ. 950ರ ಸುಮಾರಿಗೆ, ಹಂದಿಯೊಡನೆ ಕಾದಿ ಸತ್ತ ‘ಕಾಳಿ’ ಎಂಬ ಬೇಟೆನಾಯಿಗಾಗಿ ಅದರ ಒಡೆಯ ಮಣಲೇರ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟಿದ್ದಾನೆ.

ನಾನು ಕೇಳುತ್ತಿರುವುದು ಕಲ್ಲನ್ನಲ್ಲ. ಪ್ರತಿ ಪಂಚಾಯತಿಗೆ ಆಗದಿದ್ದರೆ ಎರಡು ಮೂರು ಪಂಚಾಯತುಗಳು ಸೇರಿ, ಬಾವಿ ಮತ್ತು ತೋಡುಗಳಿಂದ ದೂರವಿರುವ ಕಂದಾಯ ಭೂಮಿಯಲ್ಲಿ ಹತ್ತಿಪ್ಪತ್ತು ಸೆಂಟ್ಸಿಗೆ ಬೇಲಿ ಹಾಕಿ, ಆಳವಾದ ಹೊಂಡಗಳನ್ನು ಮಳೆಗೆ ಮೊದಲೇ ಯಂತ್ರದಿಂದ ತೋಡಿಸಿಟ್ಟು, ಸುಣ್ಣದ ದಾಸ್ತಾನು ಇರಿಸಿ, ನ್ಯಾಯವಾದ ಶುಲ್ಕ ಪಡೆದು ಮನೆಯವರ ಎದುರಿನಲ್ಲೇ ದಫನಕ್ಕೆ ಅವಕಾಶ ನೀಡಲಿ. ಅರ್ಜಿಯ ನಮೂನೆ ಕನ್ನಡದಲ್ಲೂ ಇರಲಿ. ಈ ಭಾಗದಲ್ಲಿ ಅದನ್ನೂ ಬೇರೆಯಾಗಿ ಕೇಳಬೇಕಾಗುತ್ತದೆ. ವಾರ್ಷಿಕ ಯೋಜನೆಗಳಿಗಾಗಿ ಗ್ರಾಮಸಭೆ ಸೇರುವಾಗ ಈ ಬೇಡಿಕೆಯನ್ನು ಓದುಗರು ತಮ್ಮ ತಮ್ಮ ವಾರ್ಡಿನಲ್ಲಿ ಲಿಖಿತವಾಗಿ ಮಂಡಿಸಬೇಕೆಂದೂ, ವಾರ್ಡ್ ಸದಸ್ಯರು ಅದನ್ನು ನಿರ್ಣಯ ಪುಸ್ತಕದಲ್ಲಿ ದಾಖಲಿಸಬೇಕೆಂದೂ ಕೋರುತ್ತೇನೆ.

ಇತಿ,
ಓರ್ವ ಅಧ್ಯಾಪಕ, ಬದಿಯಡ್ಕ